ಹಳೆ ಕರ್ನಲ್‌ಗೆ ‘ಸರಿ ಇದೆ’ ಅನ್ನುವ ಮೊದಲು

ಅಪ್‌ಡೇಟ್ ಆದ ಮಾರನೇ ದಿನ ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ವೈಫೈ ಮಾಯ. ಇಂಥ ದೂರು ನನ್ನ ಹತ್ತಿರ ಆಗಾಗ ಬರುತ್ತದೆ. ನಿನ್ನೆವರೆಗೂ ನಡೆಯುತ್ತಿದ್ದ ಹಾರ್ಡ್‌ವೇರ್ ಹೊಸ ಕರ್ನಲ್ (ಹಾರ್ಡ್‌ವೇರ್ ನಡೆಸುವ, ಲಿನಕ್ಸ್‌ನ ತಿರುಳು) ಬಂದ ಮೇಲೆ ಕೈಕೊಟ್ಟರೆ ಅದು ರಿಗ್ರೆಶನ್. ಲಿನಕ್ಸ್ ಕರ್ನಲ್ ಬರೆಯುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಯಾವ ಬದಲಾವಣೆಯಿಂದ ಕೆಟ್ಟಿತು ಅಂತ ಯಾರಾದರೂ ತೋರಿಸಬೇಕು. ಆ ಮಷಿನ್ ಇರುವುದು ನಿಮ್ಮ ಮುಂದೆ, ಅವರ ಮುಂದೆ ಅಲ್ಲ. ಹಾಗಾಗಿ ಆ ಕೆಲಸ ಹೆಚ್ಚಾಗಿ ನಿಮ್ಮದೇ.

ಮೊದಲು, ಮಷಿನ್ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆ ಕರ್ನಲ್ ಆರಿಸಿ ಬೂಟ್ ಮಾಡಿ. ಅಲ್ಲೂ ತೊಂದರೆ ಇದ್ದರೆ ಕರ್ನಲ್ ಮೇಲಿನ ಅನುಮಾನ ಸ್ವಲ್ಪ ಬದಿಗಿಡಿ. ಅದೇ ಅಪ್‌ಡೇಟ್‌ನಲ್ಲಿ ಫರ್ಮ್‌ವೇರ್ (ಸಾಧನದೊಳಗೇ ಓಡುವ ಸಾಫ್ಟ್‌ವೇರ್) ಪ್ಯಾಕೇಜ್ ಕೂಡ ಬದಲಾಗಿರಬಹುದು. ಎಷ್ಟೋ ಡ್ರೈವರ್‌ಗಳು ಯಾವ ಫರ್ಮ್‌ವೇರ್ ಲೋಡ್ ಆಯಿತು ಅಂತ ಡಿಮೆಸೇಜ್‌ನಲ್ಲಿ, ಅಂದರೆ ಕರ್ನಲ್‌ನ ಲಾಗ್‌ನಲ್ಲಿ, ಬರೆದಿಡುತ್ತವೆ. ಎರಡೂ ಬೂಟ್‌ಗಳ ಆ ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ.

ತಪ್ಪು ಕರ್ನಲ್‌ನದೇ ಅಂತಾದರೆ, ಸಿದ್ಧ ಪ್ಯಾಕೇಜ್‌ಗಳಿಂದಲೇ ಹುಡುಕಾಟ ಶುರು ಮಾಡಿ. ಡೆಬಿಯನ್ ಮತ್ತು ಆರ್ಚ್‌ನಂಥ ಲಿನಕ್ಸ್ ವಿತರಣೆಗಳು ತಮ್ಮ ಹಳೆ ಪ್ಯಾಕೇಜ್‌ಗಳನ್ನು ಇಟ್ಟಿರುತ್ತವೆ. 6.1 ಸರಿ, 6.2 ಕೆಟ್ಟಿದೆ ಅಂತ ಗೊತ್ತಾದ ಮೇಲೆ ಗಿಟ್ ಬೈಸೆಕ್ಟ್ ಹಿಡಿದರೆ ಸಾಕು. ಅದು ನಡುವಿನ ಒಂದು ಹಂತ ಆರಿಸಿ ಕೊಡುತ್ತದೆ, ನೀವು ಪರೀಕ್ಷಿಸಿ ‘ಗುಡ್’ ಅಥವಾ ‘ಬ್ಯಾಡ್’ ಅನ್ನಬೇಕು. ಎರಡು ಆವೃತ್ತಿಗಳ ನಡುವೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಜಾಸ್ತಿ ಕಮಿಟ್ (ಕೋಡ್‌ನ ಒಂದೊಂದು ಬದಲಾವಣೆ) ಇರುತ್ತವೆ. ಪ್ರತಿ ಸಲ ಅರ್ಧಕ್ಕೆ ಇಳಿಸುತ್ತಾ ಹೋದರೆ ಸುಮಾರು 14 ಸುತ್ತಿಗೆ ಒಂದೇ ಒಂದು ಉಳಿಯುತ್ತದೆ.

ಪ್ರತಿ ಸುತ್ತಿಗೂ ಕರ್ನಲ್ ಹೊಸದಾಗಿ ಕಟ್ಟಬೇಕು. ಆ ಬಿಲ್ಡ್ ಬೇಗ ಮುಗಿಯಲಿ ಅಂತ ಲೋಕಲ್‌ಮಾಡ್‌ಕಾನ್ಫಿಗ್ ಅನ್ನುವ ಸೌಲಭ್ಯ ಬಳಸುತ್ತೇವೆ. ಅದು ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು (ಬೇಕಾದಾಗ ಸೇರುವ ಕರ್ನಲ್ ತುಣುಕುಗಳನ್ನು) ಮಾತ್ರ ಉಳಿಸುತ್ತದೆ. ಬೇಕಾದ ಯುಎಸ್‌ಬಿ ಸಾಧನಗಳನ್ನೆಲ್ಲ ಮೊದಲೇ ಸಿಕ್ಕಿಸಿಡಿ, ಇಲ್ಲದಿದ್ದರೆ ಅವುಗಳ ಡ್ರೈವರ್ ಬಿಟ್ಟುಹೋಗಬಹುದು. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವುದನ್ನು ಮಾತ್ರ ಬೂಟ್ ಮಾಡಲು ಬಿಡುವ ಕಾವಲು) ಆನ್ ಇದ್ದರೆ ನೀವೇ ಕಟ್ಟಿದ, ಸಹಿ ಇಲ್ಲದ ಕರ್ನಲ್ ಬೂಟ್ ಆಗದು. ಇವೆಲ್ಲ ಒಂದು ಸಲ ಸರಿ ಮಾಡಿಕೊಂಡರೆ ಆಯಿತು.

ನಿಜವಾದ ಕಷ್ಟ ಇರುವುದು ತೀರ್ಪು ಕೊಡುವುದರಲ್ಲಿ. ‘ಬ್ಯಾಡ್’ ಅನ್ನುವುದು ಸುಲಭ, ವೈಫೈ ಹೋಯಿತು, ಕಣ್ಣಿಗೆ ಕಂಡಿತು. ‘ಗುಡ್’ ಅನ್ನುವುದು ಹಾಗಲ್ಲ. ನಾನು ಒಮ್ಮೆ ಹಿಡಿದ ಲ್ಯಾಪ್‌ಟಾಪ್‌ನಲ್ಲಿ ಸಸ್ಪೆಂಡ್ ಆಗಿ ಎದ್ದ ಮೇಲೆ ವೈಫೈ ಹೋಗುತ್ತಿದ್ದದ್ದು ನಾಲ್ಕು ಸಲಕ್ಕೆ ಒಮ್ಮೆ ಮಾತ್ರ. ಮೂರು ಸಲ ಮಲಗಿಸಿ ಎಬ್ಬಿಸಿದೆ, ಮೂರೂ ಸಲ ವೈಫೈ ಬಂತು. ‘ಗುಡ್’ ಅಂತ ಒತ್ತಿಬಿಟ್ಟೆ. ಲೆಕ್ಕ ಹಾಕಿ ನೋಡಿ: ಕೆಟ್ಟ ಕರ್ನಲ್ ಕೂಡ ಮೂರು ಸಲ ಸುಮ್ನೆ ಪಾಸಾಗುವ ಸಾಧ್ಯತೆ ಶೇ 42. ಆ ಒಂದು ತಪ್ಪು ತೀರ್ಪಿನ ಮೇಲೆ ಮುಂದಿನ ಸುತ್ತುಗಳೆಲ್ಲ ನಿಂತವು. ಕೊನೆಗೆ ಸಿಕ್ಕಿದ್ದು ಯಾವುದೋ ಧ್ವನಿ ಡ್ರೈವರ್‌ನ ಕಮಿಟ್. ವೈಫೈಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಎರಡು ದಿನ ಹೋಯಿತು.

ಹತ್ತು ಸಲ ಪರೀಕ್ಷಿಸಿದರೆ ಆ ಸಾಧ್ಯತೆ ಸುಮಾರು ಶೇ 6ಕ್ಕೆ ಇಳಿಯುತ್ತದೆ, ಹದಿನಾರು ಸಲಕ್ಕೆ ಶೇ 1. ಕೈಯಲ್ಲಿ ಹದಿನಾರು ಸಲ ಮುಚ್ಚಳ ತೆರೆಯಬೇಕಿಲ್ಲ. ಆರ್‌ಟಿಸಿವೇಕ್ ಅನ್ನುವ ಕಮಾಂಡ್‌ಗೆ ಸೆಕೆಂಡು ಹೇಳಿದರೆ ಅದೇ ಮಲಗಿಸಿ ಎಬ್ಬಿಸುತ್ತದೆ. ಒಂದು ಸಣ್ಣ ಲೂಪ್‌ನಲ್ಲಿ ಹಾಕಿ ಬಿಡುತ್ತೇನೆ.

ಇನ್ನೊಂದು ಮಾತು. ಸುತ್ತಿನಿಂದ ಸುತ್ತಿಗೆ ಬರೀ ರೀಬೂಟ್ ಮಾಡಬೇಡಿ, ಪೂರ್ತಿ ಆಫ್ ಮಾಡಿ ಆನ್ ಮಾಡಿ. ರೀಬೂಟ್‌ನಲ್ಲಿ ಕೆಲವು ಸಾಧನಗಳಿಗೆ ಕರೆಂಟ್ ಹೋಗುವುದೇ ಇಲ್ಲ. ಹಿಂದಿನ ಕೆಟ್ಟ ಕರ್ನಲ್ ಬಿಟ್ಟುಹೋದ ಸ್ಥಿತಿಯಲ್ಲೇ ಅವು ಕೂತಿರುತ್ತವೆ, ಆಗ ಒಳ್ಳೆ ಕರ್ನಲ್ ಮೇಲೂ ಅಪವಾದ ಬರುತ್ತದೆ. ಬಿಲ್ಡ್ ಆಗದ, ಬೂಟೇ ಆಗದ ಕಮಿಟ್ ಸಿಕ್ಕರೆ ಊಹೆ ಮಾಡಬೇಡಿ, ‘ಸ್ಕಿಪ್’ ಕೊಡಿ.

ಆ ಲ್ಯಾಪ್‌ಟಾಪನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಉಳಿದದ್ದು ಪಿಸಿಐ (ವೈಫೈ ಕಾರ್ಡ್‌ನಂಥ ಸಾಧನಗಳನ್ನು ಜೋಡಿಸುವ ಬಸ್) ಪವರ್ ಉಳಿತಾಯದ ಒಂದು ಸಣ್ಣ ಕಮಿಟ್. ಅಷ್ಟಕ್ಕೇ ನಂಬಲಿಲ್ಲ. ಹೊಸ ಕರ್ನಲ್ ಮೇಲೆ ಅದೊಂದನ್ನೇ ರಿವರ್ಟ್ ಮಾಡಿ, ಅಂದರೆ ಆ ಬದಲಾವಣೆ ಹಿಂತೆಗೆದು, ಇಪ್ಪತ್ತು ಸಲ ಮಲಗಿಸಿ ಎಬ್ಬಿಸಿದೆ. ಇಪ್ಪತ್ತೂ ಸಲ ವೈಫೈ ಬಂತು. ಆಮೇಲೆ ಕಮಿಟ್‌ನ ಗುರುತು, ಬೈಸೆಕ್ಟ್ ಲಾಗ್, ಎರಡೂ ಡಿಮೆಸೇಜ್ ಸೇರಿಸಿ ಆ ಭಾಗ ನೋಡಿಕೊಳ್ಳುವವರಿಗೆ ಕಳಿಸಿದೆ.