555 ಟೈಮರಿನಿಂದ ಪಲ್ಸ್ ಡಿಸಿ, ಮುಖ್ಯವಾಗಿ 7ನೇ ಪಿನ್

ಪಲ್ಸ್ ಡಿಸಿ ಅಂದರೆ ಒಂದೇ ದಿಕ್ಕಿಗೆ ಹರಿಯುವ, ಆದರೆ ಬಿಟ್ಟು ಬಿಟ್ಟು ಬರುವ ಕರೆಂಟು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಎಸಿಯನ್ನು ನಾಲ್ಕು ಡಯೋಡಿನ ಬ್ರಿಡ್ಜ್‌ಗೆ ಕೊಟ್ಟು ಫಿಲ್ಟರ್ ಕೆಪಾಸಿಟರ್ ಹಾಕದಿದ್ದರೂ ಸಿಗುತ್ತದೆ, ಸೆಕೆಂಡಿಗೆ 100 ಪಲ್ಸ್. ಆದರೆ ಅದರ ವೇಗ ನಮ್ಮ ಕೈಯಲ್ಲಿರಲ್ಲ. ಅದಕ್ಕೇ 555, ಎಂಟು ಪಿನ್ನಿನ ಪುಟ್ಟ ಟೈಮರ್ ಐಸಿ.

ವೈರಿಂಗ್ (ಅಂಕಿಗಳೆಲ್ಲ ಪಿನ್ ನಂಬರ್): 8 ಮತ್ತು 4 ಪ್ಲಸ್‌ಗೆ, 1 ಗ್ರೌಂಡಿಗೆ. ಪ್ಲಸ್‌ನಿಂದ 7ಕ್ಕೆ ಆರ್1 ರೆಸಿಸ್ಟರ್, 7ರಿಂದ 6ಕ್ಕೆ ಆರ್2 ರೆಸಿಸ್ಟರ್. 2 ಮತ್ತು 6 ಜೋಡಿಸಿ, ಅಲ್ಲಿಂದ ಗ್ರೌಂಡಿಗೆ ಕೆಪಾಸಿಟರ್. ಔಟ್‌ಪುಟ್ 3ರಲ್ಲಿ.

ತಲೆ ತಿನ್ನುವುದು 7. ಅದು ವೋಲ್ಟೇಜ್ ಕೊಡುವ ಪಿನ್ನೇ ಅಲ್ಲ. ಒಳಗಿರುವ ಟ್ರಾನ್ಸಿಸ್ಟರಿನ ಕಲೆಕ್ಟರ್ (ಕರೆಂಟು ಒಳಗೆ ಹೋಗುವ ತುದಿ) ಅಷ್ಟೇ. 3 ಹೈ (ಅಂದರೆ ಅಲ್ಲಿ ವೋಲ್ಟೇಜ್) ಇರುವಾಗ ಆ ಟ್ರಾನ್ಸಿಸ್ಟರ್ ಆಫ್, ಅಂದರೆ 7 ಇಲ್ಲವೇ ಇಲ್ಲ ಅಂದುಕೊಳ್ಳಿ. ಕರೆಂಟು ಆರ್1, ಆರ್2 ಎರಡನ್ನೂ ದಾಟಿ ಕೆಪಾಸಿಟರ್ ತುಂಬಿಸುತ್ತದೆ. ಸಪ್ಲೈನ ಮೂರನೇ ಎರಡು ಭಾಗ ಮುಟ್ಟಿದ ಕೂಡಲೇ 3 ಲೋ, ಟ್ರಾನ್ಸಿಸ್ಟರ್ ಆನ್, 7 ಗ್ರೌಂಡ್. ಈಗ ಕೆಪಾಸಿಟರ್ ಬರೀ ಆರ್2 ಮೂಲಕ ಖಾಲಿಯಾಗುತ್ತದೆ, ಮೂರನೇ ಒಂದು ಭಾಗಕ್ಕೆ ಇಳಿಯುವ ತನಕ. ತುಂಬುವಾಗ ಎರಡು ರೆಸಿಸ್ಟರ್, ಖಾಲಿಯಾಗುವಾಗ ಒಂದು. ಹಾಗಾಗಿ ಹೈ ಸಮಯ ಯಾವಾಗಲೂ ಲೋಗಿಂತ ಜಾಸ್ತಿ.

ಎರಡು ರೆಸಿಸ್ಟರೂ 10 ಕಿಲೋಓಮ್, ಕೆಪಾಸಿಟರ್ (ಸಿ) 1 ಮೈಕ್ರೋಫ್ಯಾರಡ್ ಇರಲಿ. ಹೈ = 0.693 × (ಆರ್1 + ಆರ್2) × ಸಿ = 13.9 ಮಿಲಿಸೆಕೆಂಡ್. ಲೋ = 0.693 × ಆರ್2 × ಸಿ = 6.9. ಹೆಚ್ಚುಕಮ್ಮಿ 48 ಹರ್ಟ್ಸ್.

ಹಾಗಾದರೆ ಆರ್1 ತೆಗೆದು ವೈರ್ ಹಾಕಿದರೆ ಎರಡೂ ಸಮ ಆಗಲ್ವಾ? ಸೂತ್ರದಲ್ಲಿ ಆಗುತ್ತದೆ. ಬ್ರೆಡ್‌ಬೋರ್ಡಿನಲ್ಲಿ 7 ಗ್ರೌಂಡ್ ಆದ ಗಳಿಗೆ ಪೂರಾ ಸಪ್ಲೈ ಆ ಪುಟ್ಟ ಟ್ರಾನ್ಸಿಸ್ಟರ್ ಮೇಲೆ ಬೀಳುತ್ತದೆ, ಐಸಿ ಸುಡುತ್ತದೆ. 1 ಕಿಲೋಓಮ್‌ಗಿಂತ ಕೆಳಗೆ ಹೋಗಬೇಡಿ. ನನ್ನ ಮೆಚ್ಚಿನ ಉಪಾಯ, ಆರ್2 ಮೇಲೆ ಒಂದು 1ಎನ್4148 ಡಯೋಡ್: ಆನೋಡ್ 7ಕ್ಕೆ, ಕ್ಯಾಥೋಡ್ (ಪಟ್ಟಿ ಇರುವ ಕಡೆ) 6ಕ್ಕೆ. ತುಂಬುವಾಗ ಕರೆಂಟು ಡಯೋಡಲ್ಲೇ ದಾಟಿಬಿಡುತ್ತದೆ. ಖಾಲಿಯಾಗುವಾಗ ಡಯೋಡ್ ಉಲ್ಟಾ, ಆರ್2 ಬಿಟ್ಟು ದಾರಿಯಿಲ್ಲ. ಹೈಗೆ ಆರ್1, ಲೋಗೆ ಆರ್2, ಬೇರೆ ಬೇರೆ. ಡಯೋಡಿನ 0.6 ವೋಲ್ಟ್ ಇಳಿತದಿಂದ 9 ವೋಲ್ಟ್ ಸಪ್ಲೈನಲ್ಲಿ ಹೈ 8 ಮಿಲಿಸೆಕೆಂಡಿನ ಹತ್ತಿರ ನಿಲ್ಲುತ್ತದೆ.

ಡಯೋಡ್ ಇಲ್ಲದ ಸರ್ಕ್ಯೂಟಿನಲ್ಲಿ 3ಕ್ಕೆ ಮಲ್ಟಿಮೀಟರ್ ಹಿಡಿದರೆ 5 ವೋಲ್ಟ್ ಆಸುಪಾಸು ತೋರಿಸುತ್ತದೆ. ಅದು ಸರಾಸರಿ: ಹೈ ಇರುವಾಗ ಸುಮಾರು 7.5 ವೋಲ್ಟ್, ಅದರ ಮೂರನೇ ಎರಡು ಭಾಗ. ಪಲ್ಸ್ ಕಣ್ಣಿಗೆ ಕಾಣಬೇಕಾದರೆ ಕೆಪಾಸಿಟರ್ 47 ಮೈಕ್ರೋಫ್ಯಾರಡ್ ಮಾಡಿ, 470 ಓಮ್ ಜೊತೆ ಎಲ್‌ಇಡಿ ಹಾಕಿ. ಸೆಕೆಂಡಿಗೊಮ್ಮೆ ಮಿನುಗುತ್ತದೆ.

ಮೋಟಾರನ್ನು ನೇರ 3ಕ್ಕೆ ಕಟ್ಟಬೇಡಿ, 200 ಮಿಲಿಆಂಪಿಯರ್ ಆ ಪಿನ್ನಿನ ಮಿತಿ. ನಡುವೆ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಇರಲಿ, ಮೋಟಾರಿಗೆ ಅಡ್ಡಲಾಗಿ ಉಲ್ಟಾ ಒಂದು 1ಎನ್4007 ಡಯೋಡ್.