ಇಂಟೀರಿಯರ್ ಕೆಲಸ ಮುಗಿಯುವ ಮೊದಲೇ ಹೊಸ ಮನೆಗೆ ಹೋಗಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ 2 ಬಿಎಚ್‌ಕೆ ಫ್ಲ್ಯಾಟ್ ತಗೊಂಡಿದ್ದೇವೆ. ತಿಂಗಳ ಕೊನೆಗೆ ಬಾಡಿಗೆ ಮನೆ ಖಾಲಿ ಮಾಡಬೇಕು. ಇಂಟೀರಿಯರ್ ಕೆಲಸ ಮುಕ್ಕಾಲು ಪಾಲು ಆಗಿದೆ. ‘ಬಂದ್ಬಿಡಿ ಸಾರ್, ಉಳಿದಿದ್ದು ನೀವಿದ್ದಾಗ್ಲೇ ಮಾಡ್ಕೊಡ್ತೀವಿ’ ಅನ್ನುತ್ತಾರೆ ಕಾಂಟ್ರಾಕ್ಟರ್. ಮನೆಯಲ್ಲಿ 4 ವರ್ಷದ ಮಗು ಇದೆ, ಅಮ್ಮನಿಗೆ ಉಬ್ಬಸ. ಹೋಗಬಹುದೇ?

ಉತ್ತರ: ಮುಕ್ಕಾಲು ಪಾಲು ಎಂಬ ಲೆಕ್ಕ ಬದಿಗಿಡಿ. ಉಳಿದ ಕಾಲು ಪಾಲಿನಲ್ಲಿ ಏನಿದೆ ಅಂತ ಬರೆಸಿಕೊಳ್ಳಿ. ಕಬೋರ್ಡ್ ಹಿಡಿ, ಪರದೆ ರಾಡ್, ಕನ್ನಡಿ, ಫ್ಯಾನು, ಲೈಟು ಇಷ್ಟೇ ಆದರೆ ಧಾರಾಳವಾಗಿ ಹೋಗಿ. ಟೈಲ್ಸ್ ಕತ್ತರಿಸುವುದು, ಗೋಡೆಯ ಪುಟ್ಟಿ ಉಜ್ಜುವುದು, ಪ್ಲೈವುಡ್ ಕೊಯ್ಯುವುದು, ಮರಕ್ಕೆ ಪಾಲಿಶ್ ಹೊಡೆಯುವುದು, ಈ ನಾಲ್ಕರಲ್ಲಿ ಒಂದು ಬಾಕಿಯಿದ್ದರೂ ಅಮ್ಮ ಮತ್ತು ಮಗು ಅಲ್ಲಿ ಮಲಗುವಂತಿಲ್ಲ. ಅವರಿಬ್ಬರನ್ನು ನೆಂಟರ ಮನೆಯಲ್ಲಿ ಬಿಟ್ಟು ನೀವು ಹೋಗುವುದಾದರೆ ಅದಕ್ಕೆ ದಾರಿ ಇದೆ.

ಪುಟ್ಟಿ ಉಜ್ಜಿದಾಗ ಏಳುವ ಬಿಳಿ ಪುಡಿ ತೀರಾ ನಯ. ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಮುಚ್ಚಿದ ಬಾಗಿಲಿನ ಸಂದಿಯಲ್ಲಿ ನುಗ್ಗಿ ಬೀರುವಿನೊಳಗಿನ ಸೀರೆಯ ಮಡಿಕೆಯಲ್ಲೂ ಕೂರುತ್ತದೆ. ಟೈಲ್ಸ್, ಗ್ರಾನೈಟ್‌ಗಳನ್ನು ಒಣದಾಗಿ ಕತ್ತರಿಸಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದ ಆಳಕ್ಕಿಳಿದರೆ ವಾಪಸ್ ಬರುವುದಿಲ್ಲ. ಕತ್ತರಿಸುವ ಕೆಲಸ ಬಾಲ್ಕನಿಯಲ್ಲಿ, ಬ್ಲೇಡಿಗೆ ನೀರು ಬಿಡುತ್ತಾ ಆಗಬೇಕು. ಹಳೇ ಮನೆ ನವೀಕರಣ ಮಾಡಿಸುವವರಿಗೆ ಇನ್ನೊಂದು ಎಚ್ಚರಿಕೆ: ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣವನ್ನು ಒಣದಾಗಿ ಕೆರೆಯುವಾಗ ಮಕ್ಕಳಾಗಲಿ ಗರ್ಭಿಣಿಯರಾಗಲಿ ಆ ಮನೆಯಲ್ಲಿ ಇರಲೇಬಾರದು.

ಪಾಲಿಶ್ ವಿಷಯದಲ್ಲಿ ಮಾತ್ರ ಹಠ ಹಿಡಿಯಿರಿ. ಪಿಯು (ಪಾಲಿಯುರೆಥೇನ್) ಪಾಲಿಶ್‌ಗೆ ಬೆರೆಸುವ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಉಬ್ಬಸದವರಿಗೆ ನೇರ ಶತ್ರು. ಸ್ಪ್ರೇ ಹೊಡೆಯುವ ದಿನಗಳಲ್ಲಿ ಮತ್ತು ವಾಸನೆ ಪೂರ್ತಿ ಹೋಗುವವರೆಗೆ ಯಾರೂ ಅಲ್ಲಿ ಮಲಗುವುದು ಬೇಡ. ಥಿನ್ನರ್‌ಗೂ ಲ್ಯಾಮಿನೇಟ್ ಅಂಟಿಸುವ ರಬ್ಬರ್ ಗಮ್‌ಗೂ ಬೆಂಕಿ ಬೇಗ ಹತ್ತುತ್ತದೆ. ಇವುಗಳ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿಯುತ್ತದೆ. ಹಾಲ್‌ನಲ್ಲಿ ಗಮ್ ಬಳಿಯುತ್ತಿರುವಾಗ ದೇವರ ಮನೆಯಲ್ಲಿ ದೀಪ ಬೇಡ, ಅಡುಗೆಮನೆಯಲ್ಲಿ ಒಲೆಯೂ ಬೇಡ.

ಮಳೆಗಾಲವಾದರೆ ಕಾಂಟ್ರಾಕ್ಟರ್ ಹೇಳಿದ ದಿನಗಳನ್ನು ನಂಬಬೇಡಿ. ತೇವದ ಗಾಳಿಯಲ್ಲಿ ಪುಟ್ಟಿ ಒಣಗುವುದು ನಿಧಾನ, ಮೆಲಮೈನ್ ಪಾಲಿಶ್ ಮೇಲೆ ಬಿಳಿ ಮಂಜು ಕಟ್ಟಿಕೊಂಡು ಮತ್ತೆ ಉಜ್ಜಿ ಹೊಡೆಯಬೇಕಾಗುತ್ತದೆ. ಆಷಾಢಕ್ಕೆ ಮೊದಲು ಗೃಹಪ್ರವೇಶ ಆಗಲಿ ಅಂತ ಅವಸರಪಟ್ಟು ಜೂನ್‌ನಲ್ಲಿ ಸಾಮಾನು ಸಾಗಿಸಿದವರೆಲ್ಲ ಸಿಕ್ಕಿಕೊಳ್ಳುವುದು ಇಲ್ಲೇ. ಮುಹೂರ್ತಕ್ಕೆ ಹಾಲು ಉಕ್ಕಿಸಿ, ಪೂಜೆ ಮುಗಿಸಿ ಬೀಗ ಹಾಕಿಕೊಂಡು ಬನ್ನಿ. ಸಾಮಾನು ಆಮೇಲೆ.

ಬೇರೆ ದಾರಿಯೇ ಇಲ್ಲ, ನೀವಾದರೂ ಹೋಗಲೇಬೇಕು ಅನ್ನುವುದಾದರೆ ಮೊದಲು ಒಂದು ಬಾತ್‌ರೂಮ್ ಸಂಪೂರ್ಣ ಮುಗಿದಿರಬೇಕು. ಅಲ್ಲಿ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದ್ದರೆ ಟೈಲ್ಸ್ ಕೂರಿಸುವ ಮೊದಲೇ 24ರಿಂದ 48 ಗಂಟೆ ನೀರು ನಿಲ್ಲಿಸಿ ಸೋರಿಕೆ ನೋಡಿರಬೇಕು. ಸಿಲಿಕೋನ್ ಹಾಕಿದ ಜಾಗಕ್ಕೆ 24 ಗಂಟೆ ನೀರು ತಾಗಿಸಬೇಡಿ. ಅಡುಗೆಗೆ ಸಿಂಕು, ಒಂದು ಇಂಡಕ್ಷನ್ ಒಲೆ ಇದ್ದರೆ ತಾತ್ಕಾಲಿಕವಾಗಿ ಸಾಕು.

ಮಲಗುವುದಕ್ಕೆ ಕೆಲಸದ ಜಾಗದಿಂದ ಅತ್ಯಂತ ದೂರದ, ಕಿಟಕಿ ಇರುವ ಕೋಣೆ ಆರಿಸಿ, ಅದರ ಬಣ್ಣ, ಮರಗೆಲಸ ಎರಡನ್ನೂ ಮೊದಲು ಮುಗಿಸಲು ಹೇಳಿ. ಬಾಗಿಲ ಚೌಕಟ್ಟಿಗೆ 200 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಶೀಟನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಒಳಗೆ ಹೋಗಿಬರಲು ನಡುವೆ ಅಂಟಿಸುವ ಜಿಪ್ಪು ಹಾಕಿ. ಇಷ್ಟಕ್ಕೇ ಬಿಟ್ಟರೆ ಅರ್ಧ ಕೆಲಸ. ಧೂಳು ಏಳುವ ಕೋಣೆಯ ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವ ಹಾಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಆಗ ಮನೆಯ ಗಾಳಿ ಆ ಕೋಣೆಯತ್ತ ಹೋಗುತ್ತದೆ, ಅಲ್ಲಿನ ಧೂಳು ನಿಮ್ಮತ್ತ ಬರುವುದಿಲ್ಲ. ಆ ಕೋಣೆಯ ಎಸಿಯನ್ನು ಆಫ್ ಮಾಡಿ ಪ್ಲಾಸ್ಟಿಕ್ ಸುತ್ತಿ. ಸಂಜೆ ಪೊರಕೆ ಹಿಡಿಯಲೇಬೇಡಿ, ಕೆಳಗೆ ಕೂತ ಧೂಳೆಲ್ಲ ಮತ್ತೆ ಮೇಲೇಳುತ್ತದೆ. ಒದ್ದೆ ಬಟ್ಟೆ ಸಾಕು. ತೀರಾ ನಯವಾದ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಕರೆಂಟು. ಪ್ಲಗ್ ಇಲ್ಲದ ಕಟ್ಟರಿನ ವೈರನ್ನು ಬರಿದಾಗಿ ಸಾಕೆಟ್ಟಿಗೆ ತೂರಿಸಿ, ಬೀಳದಿರಲಿ ಅಂತ ಬೆಂಕಿಕಡ್ಡಿ ಚುಚ್ಚಿರುವುದನ್ನು ಯಾವುದೇ ಸೈಟ್‌ನಲ್ಲಿ ನೋಡಬಹುದು. ಹಾಗೆ ಮಾಡಿದಾಗ ಅರ್ಥ್ ವೈರು ಎಲ್ಲಿಗೂ ಸೇರಿರುವುದಿಲ್ಲ. ಮನೆಯ ಸ್ವಿಚ್‌ಗಳೆಲ್ಲ ಸೇರುವ ಡಿಬಿ ಬಾಕ್ಸ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್ಚು) ಇದೆಯೇ ನೋಡಿ, ಅದರ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತದೆಯೇ ಪರೀಕ್ಷಿಸಿ. ಅದೇ ಬಾಕ್ಸ್‌ನ ಮಾಮೂಲಿ ಟ್ರಿಪ್ ಸ್ವಿಚ್ಚು, ಅಂದರೆ ಎಂಸಿಬಿ, ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್‌ಗಳಿಗೆ ಟ್ರಿಪ್ ಆಗುತ್ತದೆ, ಮನುಷ್ಯನಿಗೆ ಹೊಡೆಯುವ ಸಣ್ಣ ಕರೆಂಟು ಅದಕ್ಕೆ ಗೊತ್ತಾಗುವುದಿಲ್ಲ. ಕಟ್ಟರ್, ಕಂಪ್ರೆಸರ್‌ಗಳಿಗೆ 16 ಆಂಪಿಯರ್ ಪಾಯಿಂಟ್ ಕೊಡಿ, ಯುಪಿಎಸ್ ಲೈನಿಗೆ ಸಿಕ್ಕಿಸಲು ಬಿಡಬೇಡಿ. ರಾತ್ರಿ ಕೆಲಸದ ಕೋಣೆಗಳ ಎಂಸಿಬಿ ಇಳಿಸಿಯೇ ಮಲಗಿ.

ಯಾರೂ ಮುಂಚೆ ಹೇಳದ ಅನಾಹುತ ಇನ್ನೊಂದಿದೆ. ಪುಟ್ಟಿ, ಪಿಒಪಿ ಕಲಸಿದ ಬಕೆಟ್ಟನ್ನು ಕೆಲಸದವರು ನಿಮ್ಮ ಬಾತ್‌ರೂಮಿನಲ್ಲೇ ತೊಳೆಯುತ್ತಾರೆ. ಅದು ನಹಾನಿ ಟ್ರ್ಯಾಪ್‌ನ (ನೀರು ಹೋಗುವ ಜಾಲಿಯ ಕೆಳಗಿನ ಬಾಗಿದ ಕೊಳವೆ) ನೀರಿನಡಿ ಕೂತು ಕಲ್ಲಾಗುತ್ತದೆ. ತಿಂಗಳಾದ ಮೇಲೆ ನೀರು ಕಟ್ಟಿಕೊಂಡಾಗ ಟೈಲ್ಸ್ ಒಡೆಯದೆ ಗತಿಯಿಲ್ಲ. ತೊಳೆಯಲು ಒಂದು ಡ್ರಮ್ ಕೊಡಿ, ತಳದಲ್ಲಿ ಕೂತದ್ದನ್ನು ಗಟ್ಟಿಯಾದ ಮೇಲೆ ಕಟ್ಟಡ ತ್ಯಾಜ್ಯದ ಜೊತೆ ಸಾಗಿಸಲಿ. ಸದ್ಯ ಬಳಸದ ಜಾಲಿಗಳನ್ನೆಲ್ಲ ಟೇಪ್ ಹಾಕಿ ಮುಚ್ಚಿ. ಮಾರ್ಬಲ್ ನೆಲವಿದ್ದರೆ ಅದರ ಮೇಲೆ ಬರೀ ರಟ್ಟು ಹಾಸಬೇಡಿ, ಒದ್ದೆಯಾದರೆ ಕಂದು ಕಲೆ ಕಲ್ಲಿಗೆ ಇಳಿಯುತ್ತದೆ.

ಕೆಲಸವೆಲ್ಲ ಮುಗಿದ ಮೇಲೂ ಹೊಸ ಕಬೋರ್ಡ್ ತೆರೆದಾಗ ಕಣ್ಣು ಉರಿಯುತ್ತದಲ್ಲ, ಅದು ಪ್ಲೈವುಡ್, ಎಂಡಿಎಫ್‌ಗಳ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್. ಸೆಖೆ, ತೇವ ಹೆಚ್ಚಿದಷ್ಟೂ ಜಾಸ್ತಿ. ಸುವಾಸನೆಯ ಸ್ಪ್ರೇ ಹೊಡೆದರೆ ವಾಸನೆ ಮುಚ್ಚುತ್ತದೆ, ಅನಿಲ ಅಲ್ಲೇ ಇರುತ್ತದೆ. ಬಾಗಿಲು, ಡ್ರಾಯರ್‌ಗಳನ್ನು ಪೂರ್ತಿ ತೆರೆದಿಟ್ಟು, ಎದುರುಬದುರು ಕಿಟಕಿ ತೆಗೆದು, ಫ್ಯಾನ್ ಹಾಕಿ ಎರಡು ಮೂರು ವಾರ ಬಿಡಿ. ಅಮ್ಮನನ್ನು ಕರೆತರುವುದು ಆಮೇಲೆ. ಇನ್ನೂ ಆರ್ಡರ್ ಕೊಡದ ಮರಗೆಲಸ ಇದ್ದರೆ ಈ ಅನಿಲ ಕಡಿಮೆ ಬಿಡುವ ಇ0 ಅಥವಾ ಇ1 ದರ್ಜೆಯ ಹಲಗೆಯನ್ನೇ ಕೇಳಿ. ಕಾಣದ ಅಂಚಿಗೂ ಪಟ್ಟಿ ಅಂಟಿಸಲು ಹೇಳಿ, ಕೊಯ್ದು ಬಿಟ್ಟ ಅಂಚಿನಿಂದಲೇ ಅನಿಲ ಹೆಚ್ಚು ಬರುವುದು.

ನೀವು ಒಳಗೆ ಹೋದ ದಿನವೇ ಕಾಂಟ್ರಾಕ್ಟರ್‌ಗೆ ಬೇರೆ ಸೈಟ್ ನೆನಪಾಗುತ್ತದೆ. ಹೋಗುವ ಮುನ್ನ ಬಾಕಿ ಕೆಲಸಗಳನ್ನು ಕೋಣೆವಾರು ಬರೆದು, ಎದುರಿಗೆ ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿ. ನೆಲ, ಗ್ರಾನೈಟ್ ಕಟ್ಟೆ, ಗಾಜುಗಳ ಫೋಟೊ ಅಂದೇ ತೆಗೆದು ಅವರಿಗೆ ವಾಟ್ಸಾಪ್ ಮಾಡಿ, ಆಮೇಲೆ ಗೀರು ಬಿದ್ದರೆ ‘ಮೊದಲೇ ಇತ್ತು’ ಅನ್ನುವ ಮಾತು ಬರುವುದಿಲ್ಲ. ಒಟ್ಟು ಮೊತ್ತದ ಶೇ 10ರಷ್ಟಾದರೂ ಬಾಕಿ ಕೆಲಸದ ಪಟ್ಟಿಯ ಕೊನೆಯ ಸಾಲು ಹೊಡೆದುಹಾಕುವವರೆಗೆ ನಿಮ್ಮ ಬಳಿಯೇ ಇರಲಿ.