ಗ್ಲಾಸ್ಟರ್ ಮೀಟಿಯರ್: ಮೊದಲ ಸ್ಕ್ವಾಡ್ರನ್‌ಗಳ ಜಾಡು ಹಿಡಿಯುವ ಬಗೆ

ಬ್ರಿಟನ್ನಿನ ಜೆಟ್ ಯುದ್ಧವಿಮಾನ ಮೀಟಿಯರ್ ಹಾರಿಸಿದ ಸ್ಕ್ವಾಡ್ರನ್‌ಗಳ (ವಾಯುಪಡೆಯ ದಳಗಳ) ಪಟ್ಟಿ ಓದುವಾಗ ಹೆಚ್ಚಿನವರು ಎಡವುವುದು ಸಂಖ್ಯೆಯ ವಿಷಯದಲ್ಲಿ. ಬ್ರಿಟನ್ನಿನ ವಾಯುಪಡೆಯಾದ ರಾಯಲ್ ಏರ್ ಫೋರ್ಸಿನಲ್ಲಿ ಪೈಲಟ್‌ಗಳೂ ವಿಮಾನಗಳೂ ಇದ್ದಲ್ಲೇ ಇದ್ದು, ಸ್ಕ್ವಾಡ್ರನ್ ಸಂಖ್ಯೆ ಮಾತ್ರ ಬದಲಾದದ್ದುಂಟು. ಆದ್ದರಿಂದ ಸಂಖ್ಯೆಯ ಪಕ್ಕದಲ್ಲೇ ತಾರೀಖು, ನೆಲೆ, ವಿಮಾನದ ಮಾದರಿ ಈ ಮೂರನ್ನೂ ಬರೆದುಕೊಳ್ಳಿ.

616ನೇ ಸ್ಕ್ವಾಡ್ರನ್ನಿನಿಂದ ಶುರು ಮಾಡೋಣ. ಪಿಸ್ಟನ್ ಎಂಜಿನ್ನಿನ ಸ್ಪಿಟ್‌ಫೈರ್ ಹಾರಿಸುತ್ತಿದ್ದ ಈ ಸೌತ್ ಯಾರ್ಕ್‌ಷೈರ್ ಸ್ಕ್ವಾಡ್ರನ್ನಿಗೆ 1944ರ ಜುಲೈನಲ್ಲಿ ಕಲ್ಮ್‌ಹೆಡ್ ನೆಲೆಯಲ್ಲಿ ಮೊದಲ ಮೀಟಿಯರ್‌ಗಳು ಬಂದವು. ಅದೇ ತಿಂಗಳು ಕೆಂಟ್‌ನ ಮ್ಯಾನ್‌ಸ್ಟನ್‌ಗೆ ಹೋಗಿ, ಜುಲೈ 27ರಂದು ಜರ್ಮನಿಯ ವಿ-1 ಹಾರುಬಾಂಬುಗಳ ಬೇಟೆಗೆ ಇಳಿಯಿತು. ಆಗಸ್ಟ್ 4ರಂದು ಫ್ಲೈಯಿಂಗ್ ಆಫೀಸರ್ ಡೀನ್ ಅವರ 20 ಮಿ.ಮೀ. ಫಿರಂಗಿಗಳು ಸಿಕ್ಕಿಹಾಕಿಕೊಂಡು ಗುಂಡು ಹಾರದಾದವು. ಅವರು ಬಾಂಬಿನ ಪಕ್ಕಕ್ಕೇ ಹಾರಿ, ತಮ್ಮ ರೆಕ್ಕೆಯಿಂದ ಅದರ ರೆಕ್ಕೆಯನ್ನು ಎತ್ತಿ ಮಗುಚಿದರು. ವಿ-1ರಲ್ಲಿ ಪೈಲಟ್ ಇಲ್ಲ. ಗೈರೊಸ್ಕೋಪ್ ನಡೆಸುವ ಆಟೊಪೈಲಟ್ ಅಷ್ಟು ಓರೆಯಾದ ಮೇಲೆ ಸಾವರಿಸಿಕೊಳ್ಳಲಾರದು, ಹಾಗಾಗಿ ಬಾಂಬು ನೆಲಕ್ಕೆ ಬೀಳುತ್ತದೆ. ಜೆಟ್ ವಿಮಾನವೊಂದು ಬ್ರಿಟನ್ನಿಗೆ ತಂದ ಮೊದಲ ಗೆಲುವು ಗುಂಡಿಲ್ಲದೆ ಬಂತು ಎಂಬುದು ನೆನಪಿಡಬೇಕಾದ ಸಂಗತಿ. ಕೆಲವೇ ನಿಮಿಷಗಳಲ್ಲಿ ರಾಜರ್ ಎಂಬ ಇನ್ನೊಬ್ಬ ಪೈಲಟ್ ಫಿರಂಗಿಯಿಂದಲೇ ಮತ್ತೊಂದನ್ನು ಹೊಡೆದುರುಳಿಸಿದರು.

ಆಗ ಹಾರಿದ್ದು ಮೀಟಿಯರ್‌ನ ಮೊದಲ ಮಾದರಿ ಎಫ್.1. ತಯಾರಾದದ್ದು 20 ಮಾತ್ರ, ಸರಣಿ ಸಂಖ್ಯೆ ಇಇ 210ರಿಂದ ಇಇ 229. ಮೊದಲನೆಯದು ಅಮೆರಿಕಕ್ಕೆ ಹೋದ್ದರಿಂದ ಇಪ್ಪತ್ತೂ 616ಕ್ಕೆ ಸಿಕ್ಕವೆಂದು ಬರೆಯಬೇಡಿ. ಫೋಟೊದಲ್ಲಿ ಗುರುತಿಸಲು ಕಾಕ್‌ಪಿಟ್ ಮುಚ್ಚಳ ನೋಡಿ: ಎಫ್.1ರದು ಪಕ್ಕಕ್ಕೆ ಮಗುಚಿ ತೆರೆಯುತ್ತದೆ, ನಂತರದ ಮಾದರಿ ಎಫ್.3ರದು ಹಿಂದಕ್ಕೆ ಜಾರುತ್ತದೆ. ಎಂಜಿನ್ ನಂಬಿ ಮಾದರಿ ಹೇಳಿದರೆ ತಪ್ಪಾಗುತ್ತದೆ. ಎಫ್.1ರದು ವೆಲ್ಯಾಂಡ್, ನೂಕುಬಲ 1,700 ಪೌಂಡ್. ಎಫ್.3ರದು 2,000 ಪೌಂಡಿನ ಡರ್ವೆಂಟ್. ಆದರೆ ಎಫ್.3ರ ಮೊದಲ 15 ವಿಮಾನಗಳಲ್ಲೂ ವೆಲ್ಯಾಂಡೇ ಇತ್ತು.

1945ರ ಫೆಬ್ರುವರಿಯಲ್ಲಿ 616ರ ಒಂದು ತುಕಡಿ ಬೆಲ್ಜಿಯಂನ ಮೆಲ್ಸ್‌ಬ್ರೂಕ್‌ಗೆ ಹೋಯಿತು. ಮಿತ್ರಪಡೆಗಳ ಗನ್ನರ್‌ಗಳು ಜರ್ಮನಿಯ ಜೆಟ್ ವಿಮಾನ ಮಿ 262 ಎಂದು ಭ್ರಮಿಸಿ ಹೊಡೆಯಬಾರದೆಂದು ವಿಮಾನಗಳಿಗೆ ಬಿಳಿ ಬಣ್ಣ ಬಳಿದರು. ವಿಮಾನ ಶತ್ರುವಿನ ಕೈಸೇರಬಾರದೆಂದು ಮೊದಮೊದಲು ಜರ್ಮನ್ ಹಿಡಿತದ ನೆಲದ ಮೇಲೆ ಹಾರಲು ಬಿಡಲಿಲ್ಲ. ಜೆಟ್ಟಿಗೆ ಜೆಟ್ ಎದುರಾದ ಕಾಳಗ ನಡೆಯಲೇ ಇಲ್ಲ.

ಇಂಗ್ಲೆಂಡಿನ ಕೋಲರ್ನ್ ನೆಲೆಯಲ್ಲಿ ಎಫ್.3 ಪಡೆದ ಎರಡನೆಯ ಸ್ಕ್ವಾಡ್ರನ್ 504. ಅದರ ಹಿಂದೆ 74 ಬಂತು. ಗೊಂದಲ ಹುಟ್ಟುವುದು 1945ರ ಆಗಸ್ಟ್‌ನಲ್ಲಿ: ಸಂಖ್ಯೆ ಬದಲಾಗಿ 504 ಆಯಿತು 245, 616 ಆಯಿತು 263. ಪಟ್ಟಿಯಲ್ಲಿ ಇವನ್ನು ನಾಲ್ಕು ಬೇರೆ ಬೇರೆ ದಳಗಳೆಂದು ಎಣಿಸಿದರೆ, ಆ ತಿಂಗಳು ಮೀಟಿಯರ್ ಬಲ ಒಮ್ಮೆಲೇ ಏರಿದಂತೆ ಕಾಣುತ್ತದೆ. ಅದು ಲೆಕ್ಕದ ತಪ್ಪು.

616 ಎಂಬ ಸಂಖ್ಯೆಗೆ 1946ರಲ್ಲಿ ಫಿನಿಂಗ್ಲಿ ನೆಲೆಯಲ್ಲಿ ಮರುಜೀವ ಬಂತು. ಆದರೆ ಸಿಕ್ಕಿದ್ದು ಪಿಸ್ಟನ್ ಎಂಜಿನ್ನಿನ ಮಸ್ಕಿಟೊ. ಮೀಟಿಯರ್ ಮತ್ತೆ ಕೈಗೆ ಬಂದದ್ದು ಆಮೇಲೆ. ಹೀಗಾಗಿ 1950ರ ಆಸುಪಾಸಿನ ಪಟ್ಟಿಯಲ್ಲಿ ‘616, ಮೀಟಿಯರ್’ ಎಂದು ಕಂಡರೆ ಅದು ಫಿನಿಂಗ್ಲಿಯ ದಳ. ಮ್ಯಾನ್‌ಸ್ಟನ್ನಿನಲ್ಲಿ ಹಾರುಬಾಂಬು ಬೇಟೆಯಾಡಿದ ದಳದ ಮುಂದಿನ ದಾರಿ ಬೇಕಿದ್ದರೆ 263ರ ದಾಖಲೆ ತೆರೆಯಿರಿ.